ಮೀನಖಂಡದ ಗಂಟಿನಲ್ಲೇ ಸಿಕ್ಕಿತು ಸಾರ್ಕಾಯ್ಡ್: ನನ್ನ ಅನುಭವ

ಸ್ನಾಯುವಿನ ಸಾರ್ಕಾಯ್ಡೋಸಿಸ್ (ಉರಿಯೂತದ ಕಣಗಳು ಗುಂಪುಗಟ್ಟುವ, ಕ್ಷಯದಂತೆ ಕಾಣಿಸಬಲ್ಲ ರೋಗ) ಪತ್ತೆಯಾಗಬೇಕಾದರೆ ಮೈಸೂರಿಗೇ ಹೋಗಬೇಕು ಎನ್ನುತ್ತಿದ್ದವರಿಗೆ ಈಗ ವಿರಾಜಪೇಟೆಯಲ್ಲಿ ಕುಳಿತೇ ಉತ್ತರ ಕೊಡಬಲ್ಲೆ. ರೋಗಿ ಕಾಳುಮೆಣಸು ಕೊಯ್ಯುವ ಕಾರ್ಮಿಕ, ವಯಸ್ಸು 40ರ ಆಸುಪಾಸು. ಏಣಿ ಹತ್ತಲಾಗದೆ ಒಂದು ಹಂಗಾಮಿನ ಕೂಲಿಯನ್ನೇ ಕಳೆದುಕೊಂಡಿದ್ದ. ಎಕ್ಸ್‌ರೇಯಲ್ಲಿ ಎದೆಯ ಗ್ರಂಥಿಗಳು ದಪ್ಪ ಕಂಡದ್ದೇ ತಡ, ಬೇರೊಂದು ಕಡೆ ಕ್ಷಯದ ಮಾತ್ರೆ ಶುರುವಾಗಿತ್ತು. ತಿಂಗಳುಗಟ್ಟಲೆ ನುಂಗಿದರೂ ಕಾಲಿಗೆ ಬಲ ಬರಲಿಲ್ಲ. ಮಾಂಟೂ (ಕ್ಷಯದ ಚರ್ಮ ಪರೀಕ್ಷೆ) ನೆಗೆಟಿವ್, ಸಿಕೆ (ಸ್ನಾಯುವಿಗೆ ಹಾನಿಯಾದರೆ ರಕ್ತದಲ್ಲಿ ಏರುವ ಕಿಣ್ವ) ನಾರ್ಮಲ್. ‘ಸಿಕೆ ಏರಿಲ್ಲ, ಸ್ನಾಯುರೋಗವಲ್ಲ’ ಎಂದು ಹಿರಿಯರೊಬ್ಬರು ಫೋನಿನಲ್ಲೇ ತೀರ್ಪು ಕೊಟ್ಟರು. ಗಂಟು ಕಟ್ಟುವ ಬಗೆಯಲ್ಲಿ ಸಿಕೆ ಏರದಿರುವುದೇ ಹೆಚ್ಚು, ಇರಲಿ.

ನನ್ನ ಬಳಿ ಬರುವಷ್ಟರಲ್ಲಿ ಎಂಆರ್‌ಐ, ಎಸಿಇ (ಸಾರ್ಕಾಯ್ಡ್‌ಗೆಂದು ಮಾಡಿಸುವ ರಕ್ತಪರೀಕ್ಷೆ), ಬಸ್ಸು, ಊಟ ಎಂದು 30 ಸಾವಿರದಷ್ಟು ಕರಗಿತ್ತು. ಎಸಿಇಗೆ ಹಾಕಿದ್ದು ದಂಡ. ತೊಡೆಯಿಂದ ಕುರುಡಾಗಿ ತೆಗೆದ ತುಣುಕಿನಲ್ಲಿ ಬರೀ ಒಳ್ಳೆಯ ಎಳೆಗಳು. ಇನ್ನೊಂದರಲ್ಲಿ ಗ್ರಾನ್ಯುಲೋಮಾ (ಉರಿಯೂತದ ಕಣಗಳ ಗುಂಪು) ಇತ್ತು, ಆದರೆ ಯಾರೋ ಅದನ್ನು ಇಡಿಯಾಗಿ ರೋಗಾಣುಗಳನ್ನು ಕೊಲ್ಲುವ ಫಾರ್ಮಲಿನ್‌ಗೆ ಹಾಕಿದ್ದರಿಂದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾತೇ ಇಲ್ಲ.

ಎಂಆರ್‌ಐಯ ಅಡ್ಡ ಸೀಳಿನಲ್ಲಿ ಮೀನಖಂಡದ ಗಂಟಿನ ನಡುವೆ ಕಪ್ಪು ನಕ್ಷತ್ರ ಕಾಣುತ್ತಿತ್ತು. ಅದು ನಾರುಗಟ್ಟಿದ ಭಾಗ. ಸೂಜಿ ಅಲ್ಲಿಗೆ ಹೋದರೆ ಏನೂ ಸಿಗುವುದಿಲ್ಲ. ಅಲ್ಟ್ರಾಸೌಂಡ್ ಹಿಡಿದು ಅಂಚಿನಿಂದ ತೆಗೆದೆ. ಅರ್ಧ ಫಾರ್ಮಲಿನ್‌ಗೆ, ಅರ್ಧ ಕಲ್ಚರ್‌ಗೆಂದು ಸಲೈನ್‌ಗೆ. ಪಾದವನ್ನು ಹೇಗೆ ಹಿಡಿದರೆ ಗಂಟು ಜಾರುವುದಿಲ್ಲ ಎಂಬುದನ್ನು ಬಂದು ನೋಡುವವರಿಗಷ್ಟೇ ತೋರಿಸುತ್ತೇನೆ. ಕೊಳೆತವಿಲ್ಲದ ಗ್ರಾನ್ಯುಲೋಮಾ, ಸಿಬಿನ್ಯಾಟ್ (ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ನೆಗೆಟಿವ್, ವಾರಗಳ ಮೇಲೆ ಬಂದ ಕಲ್ಚರ್‌ನಲ್ಲೂ ಏನೂ ಬೆಳೆದಿರಲಿಲ್ಲ.

ಇಸಿಜಿ ಮತ್ತು ಕಣ್ಣಿನ ತಪಾಸಣೆ ಮುಗಿಸಿ ಸ್ಟೀರಾಯ್ಡ್ ಆದ ಪ್ರೆಡ್ನಿಸೋಲೋನ್ ದಿನಕ್ಕೆ 40 ಮಿ.ಗ್ರಾಂ. ಶುರು ಮಾಡಿದೆ. ಎರಡು ತಿಂಗಳಾಗುವಾಗ ವಿಚಿತ್ರ: ಗಂಟು ಇಳಿಯುತ್ತಿದೆ, ಕುರ್ಚಿಯಿಂದ ಏಳುವುದು ಮಾತ್ರ ಕಷ್ಟವಾಗುತ್ತಿದೆ. ಡೋಸ್ ಏರಿಸಿ ಎಂದರು ಎಲ್ಲರೂ. ನಾನು ಇಳಿಸುತ್ತ ಬಂದೆ, ಜೊತೆಗೆ ಮೆಥೋಟ್ರೆಕ್ಸೇಟ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ) ವಾರಕ್ಕೆ 10, ಆಮೇಲೆ 15 ಮಿ.ಗ್ರಾಂ. ಕೊಟ್ಟೆ. ಕುರ್ಚಿಯಿಂದ ಏಳಲಾಗದ ಆ ಕಷ್ಟ ಸ್ಟೀರಾಯ್ಡ್‌ನದೇ ಸ್ನಾಯುಪೀಡೆ. ವಾರಕ್ಕೊಂದೇ ದಿನ ನುಂಗಬೇಕಾದ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಸಂತೆಯ ದಿನಕ್ಕೆ ಕಟ್ಟಿಹಾಕಿದೆ. ಫೋಲಿಕ್ ಆಸಿಡ್ ಮರುದಿನ. ಗೊಂದಲವೇ ಆಗಲಿಲ್ಲ.

ಬಲ ಅಳೆಯಲು ಕ್ಲಿನಿಕ್ಕಿನ ಹಿಂದೆ ಒಂದು ಬಿದಿರಿನ ಏಣಿ ಒರಗಿಸಿ, ಕೆಳಗೊಬ್ಬರನ್ನು ನಿಲ್ಲಿಸಿ, ಹತ್ತಿದ ಮೆಟ್ಟಿಲುಗಳನ್ನು ಎಣಿಸಿದೆ. ಎರಡರಲ್ಲಿ ನಿಂತಿದ್ದವನು ಆರನೇ ತಿಂಗಳಿಗೆ ಹತ್ತೋ ಹನ್ನೊಂದೋ ಹತ್ತಿದ. ಸ್ನಾಯುಬಲ ಅಳೆಯುವ ಡೈನಮೋಮೀಟರ್‌ಗಿಂತ ಇದೇ ವಾಸಿ ಎಂದು ಈಗ ಉಳಿದ ರೋಗಿಗಳಿಗೂ ಬಳಸುತ್ತಿದ್ದೇನೆ.

ಸ್ಟೀರಾಯ್ಡ್ ಎಂದ ಕೂಡಲೇ ಕ್ಯಾಲ್ಸಿಯಂ, ವಿಟಮಿನ್ ಡಿ ಗೀಚುವ ಅಭ್ಯಾಸ ಇಲ್ಲಿ ಬೇಡ. ಗ್ರಾನ್ಯುಲೋಮಾ ತಾನೇ ವಿಟಮಿನ್ ಡಿಯನ್ನು ಸಕ್ರಿಯಗೊಳಿಸಿ ಕ್ಯಾಲ್ಸಿಯಂ ಏರಿಸಬಲ್ಲದು, ಮೊದಲು ರಕ್ತದ ಕ್ಯಾಲ್ಸಿಯಂ ನೋಡಿ. ಮಾತ್ರೆಗಳು, ರಕ್ತಕಣ ಮತ್ತು ಲಿವರ್ ಪರೀಕ್ಷೆ ಸೇರಿ ಅವನಿಗೆ ಈಗ ತಿಂಗಳಿಗೆ 600 ರೂಪಾಯಿ ಹತ್ತಿರ ಬೀಳುತ್ತದೆ.