ಎನ್‌ಎಫ್‌ಎಲ್ ವಾರ ಮುಗಿದ ಮೇಲೆ ನನ್ನ ಪಿಕ್‌ಗಳನ್ನು ನಾನು ಪರಿಶೀಲಿಸುವ ಬಗೆ

"ಈ ವಾರ ಎಷ್ಟು ಬಂತು?" ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್ ಆಟಗಳ ಮೇಲೆ ಬೆಟ್ ಕಟ್ಟುವ ನನ್ನನ್ನು ಸ್ನೇಹಿತರು ಕೇಳುವುದು ಇಷ್ಟೇ. ಬಂದದ್ದು, ಹೋದದ್ದು ಆ್ಯಪ್‌ನಲ್ಲೇ ಕಾಣುತ್ತದೆ, ಅದಕ್ಕೆ ನೋಟ್‌ಬುಕ್ ಬೇಕಿಲ್ಲ. ಮಂಗಳವಾರ ಸಂಜೆ ನೋಟ್‌ಬುಕ್ ತೆರೆದು ಕೂತಾಗ ನಾನು ಹುಡುಕುವುದು ಎರಡು ಸಂಗತಿ: ಆಟಕ್ಕೆ ಮುಂಚೆ ಬರೆದಿಟ್ಟ ಕಾರಣ ಮೈದಾನದಲ್ಲಿ ನಿಜವಾಯಿತೇ? ನಾನು ಹಿಡಿದ ಲೈನ್ (ಬೆಟ್ಟಿಂಗ್ ಕಂಪನಿ ಕೊಡುವ ಪಾಯಿಂಟ್ ಅಂತರ) ಆಟ ಶುರುವಾಗುವ ಹೊತ್ತಿನ ಲೈನ್‌ಗಿಂತ ಒಳ್ಳೆಯದಿತ್ತೇ?

ನಾನಿರುವುದು ನ್ಯೂಜೆರ್ಸಿಯಲ್ಲಿ. 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, ಜೂನ್‌ನಿಂದಲೇ ಇಲ್ಲಿ 21 ತುಂಬಿದವರಿಗೆ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧ. ಭಾರತದಲ್ಲಿ 2025ರ ಕಾಯ್ದೆ ಆನ್‌ಲೈನ್ ಹಣದಾಟವನ್ನು ನಿಷೇಧಿಸಿದೆ. ಊರಿನವರು ಇದನ್ನು ಓದುವಾಗ ಆ ವ್ಯತ್ಯಾಸ ನೆನಪಿರಲಿ.

ಮೊದಲು ಸ್ವಲ್ಪ ಗಣಿತ. ಸ್ಪ್ರೆಡ್ ಮೇಲೆ, ಅಂದರೆ ಆ ಪಾಯಿಂಟ್ ಅಂತರದ ಮೇಲೆ, ಕಟ್ಟಿದರೆ ಸಾಮಾನ್ಯವಾಗಿ 100 ಡಾಲರ್ ಗೆಲ್ಲಲು 110 ಡಾಲರ್ ಇಡಬೇಕು. ನೂರು ಬೆಟ್‌ನಲ್ಲಿ 52 ಗೆದ್ದರೆ 5,200 ಬರುತ್ತದೆ, ಸೋತ 48ರಿಂದ 5,280 ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಗೆದ್ದೂ 80 ಡಾಲರ್ ನಷ್ಟ. 53 ಗೆದ್ದರೆ 130 ಲಾಭ. ಬದುಕುವುದೂ ಮುಳುಗುವುದೂ ಇಷ್ಟು ಕಿರಿದಾದ ಜಾಗದಲ್ಲಿ. ಹಾಗಾಗಿ ಒಂದು ವಾರದ ಗೆಲುವು ಸೋಲು ನನ್ನ ಲೆಕ್ಕಾಚಾರದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದೇ ನನ್ನ ನಂಬಿಕೆ. ಕಾರಣಗಳು ಮಾತ್ರ ಹೇಳುತ್ತವೆ.

2023ರ ಮೊದಲ ವಾರದ ಪುಟವನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಕಲಿಯುವುದಕ್ಕೆ ಅಷ್ಟು ಒಳ್ಳೆಯ ವಾರ ಸಿಗುವುದು ಅಪರೂಪ. ಗುರುವಾರ ರಾತ್ರಿ ಕಾನ್ಸಾಸ್ ಸಿಟಿ ಚೀಫ್ಸ್ ಮತ್ತು ಡೆಟ್ರಾಯಿಟ್ ಲಯನ್ಸ್. ನಾನು ಲಯನ್ಸ್ ಪರ ಆರೂವರೆ ಪಾಯಿಂಟ್ ತೆಗೆದುಕೊಂಡಿದ್ದೆ. ಅಂದರೆ ಲಯನ್ಸ್ ಆರು ಪಾಯಿಂಟ್‌ನಿಂದ ಸೋತರೂ ಬೆಟ್ ನನ್ನದೇ. ಮಂಗಳವಾರದ ಅಭ್ಯಾಸದಲ್ಲಿ ಚೀಫ್ಸ್‌ನ ಪ್ರಮುಖ ಆಟಗಾರ ಟ್ರಾವಿಸ್ ಕೆಲ್ಸಿಯ ಮೊಣಕಾಲಿಗೆ ಪೆಟ್ಟು ಬಿತ್ತು. ಆಟದ ಹೊತ್ತಿಗೆ ಲೈನ್ ನಾಲ್ಕರ ಆಸುಪಾಸಿಗೆ ಇಳಿದಿತ್ತು. ಲಯನ್ಸ್ 21-20ರಿಂದ ಗೆದ್ದರು.

ಹಣ ಬಂತು, ಸರಿ. ಆದರೆ ಹೇಗೆ ಬಂತು? ಚೀಫ್ಸ್‌ನ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡು ತನ್ನದೇ ತಂಡದ ಕಡಾರಿಯಸ್ ಟೋನಿಯ ಕೈಗೆ ತಾಗಿ ಮೇಲೆ ಚಿಮ್ಮಿತು, ಲಯನ್ಸ್‌ನ ಬ್ರಯನ್ ಬ್ರಾಂಚ್ ಅದನ್ನು ಹಿಡಿದು 50 ಗಜ ಓಡಿ ಟಚ್‌ಡೌನ್ (ಎದುರಾಳಿಯ ಗೆರೆ ದಾಟಿ ಆರು ಪಾಯಿಂಟ್) ಮಾಡಿದ. ಕಿಕ್ ಸೇರಿ ಏಳು ಪಾಯಿಂಟ್. ಆ ಏಳನ್ನು ತೆಗೆದು ನೋಡಿದರೆ 20-14, ಅಂತರ ಆರು. ಆರೂವರೆ ಹಿಡಿದವರು ಆಗಲೂ ಗೆಲ್ಲುತ್ತಿದ್ದರು, ನಾಲ್ಕಕ್ಕೆ ಹಿಡಿದವರು ಸೋಲುತ್ತಿದ್ದರು. ಆ ಒಂದು ಓಟ ನಡೆಯದಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು, ನಿಜ. ಆದರೂ ಈ ಲೆಕ್ಕವನ್ನು ಪ್ರತಿ ಆಟಕ್ಕೂ ಮಾಡುತ್ತೇನೆ. ಲೈನ್‌ನ ಬೆಲೆ ಏನೆಂದು ಅದರಷ್ಟು ಚೆನ್ನಾಗಿ ಬೇರಾವುದೂ ತೋರಿಸುವುದಿಲ್ಲ. ಲೈನ್ ಇಳಿದದ್ದು ಗಾಯದ ಸುದ್ದಿಯಿಂದ, ಆ ಸುದ್ದಿ ನನಗೆ ಮೊದಲೇ ಗೊತ್ತಿರಲಿಲ್ಲ. ಹಾಗಾಗಿ ಆ ಎರಡೂವರೆ ಪಾಯಿಂಟ್ 'ಅದೃಷ್ಟ' ಎಂಬ ಸಾಲಿಗೆ ಹೋಯಿತು. ಗಾಯದಿಂದ ಜರುಗಿದ ಲೈನ್ ಬೇರೆ, ಜನ ನನ್ನಂತೆಯೇ ಯೋಚಿಸಿ ಹಣ ಹಾಕಿದ್ದರಿಂದ ಜರುಗಿದ ಲೈನ್ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳುವವರು ತಮಗಿರುವುದಕ್ಕಿಂತ ಹೆಚ್ಚಿನ ಕೌಶಲ ಇದೆ ಎಂದು ನಂಬಿಬಿಡುತ್ತಾರೆ.

ಮಿನೆಸೋಟ ವೈಕಿಂಗ್ಸ್ ಟಾಂಪಾ ಬೇ ತಂಡಕ್ಕೆ 20-17ರಿಂದ ಸೋತರು, ನನ್ನ ಹಣವೂ ಹೋಯಿತು. ಬರೆದಿಟ್ಟ ಕಾರಣ: 'ಟಾಂಪಾ ಇವರ ಪಾಸಿಂಗ್ ತಡೆಯಲಾರದು.' ಕರ್ಕ್ ಕಸಿನ್ಸ್ 344 ಗಜ ಪಾಸ್ ಮಾಡಿದ, ಜಸ್ಟಿನ್ ಜೆಫರ್ಸನ್ ಒಬ್ಬನೇ 150 ಗಜ ಹಿಡಿದ. ಸೋಲಿಗೆ ಕಾರಣ ಒಂದು ಇಂಟರ್‌ಸೆಪ್ಷನ್ (ಎಸೆದ ಚೆಂಡನ್ನು ಎದುರಾಳಿ ಹಿಡಿದದ್ದು), ಎರಡು ಫಂಬಲ್. ಕೈಜಾರಿ ನೆಲಕ್ಕೆ ಬಿದ್ದ ಚೆಂಡು ಯಾರ ಪಾಲಾಗುತ್ತದೆ ಎನ್ನುವುದು ಬಹುಪಾಲು ನಾಣ್ಯ ಚಿಮ್ಮಿದ ಹಾಗೆ. ಕಾರಣ ಸರಿಯಿದ್ದದ್ದರಿಂದ, ಸೋತ ಆ ಬೆಟ್ ಪಕ್ಕದಲ್ಲಿ ಹಸಿರು ಗುರುತು ಹಾಕಿದೆ.

ಸೋಮವಾರ ಬಿಲ್ಸ್ ವಿರುದ್ಧ ಆಡಿದ ಜೆಟ್ಸ್‌ದು ತಿರುಗಾಮುರುಗಾ. ನನ್ನ ಟಿಪ್ಪಣಿ: 'ಆ್ಯರನ್ ರಾಜರ್ಸ್ ಬಂದಿದ್ದಾನೆ.' ಆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ನಾಲ್ಕನೇ ಸ್ನ್ಯಾಪ್‌ನಲ್ಲೇ, ಅಂದರೆ ಚೆಂಡು ಆಟಕ್ಕೆ ಬಂದ ನಾಲ್ಕನೇ ಸಲವೇ, ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದುಕೊಂಡು ಹೊರನಡೆದ. ಬಿಲ್ಸ್‌ನ ಜಾಶ್ ಆ್ಯಲನ್ ಮೂರು ಇಂಟರ್‌ಸೆಪ್ಷನ್ ಕೊಟ್ಟ, ಓವರ್‌ಟೈಮ್‌ನಲ್ಲಿ ಜೆಟ್ಸ್‌ನ ಜೇವಿಯರ್ ಗಿಪ್ಸನ್ ಎದುರಾಳಿ ಒದ್ದ ಚೆಂಡು ಹಿಡಿದು 65 ಗಜ ಓಡಿ ಟಚ್‌ಡೌನ್ ಮಾಡಿದ, ಜೆಟ್ಸ್ 22-16ರಿಂದ ಗೆದ್ದರು. ಹಣ ಬಂತು, ಗುರುತು ಕೆಂಪು. ರಾಜರ್ಸ್ ಇಲ್ಲದ ಜೆಟ್ಸ್‌ಗೆ ನಾನು ಹೊಸದಾಗಿ ಬೆಲೆ ಕಟ್ಟಬೇಕಿತ್ತು. ಬಿಲ್ಸ್ ಮೇಲಿನ ಗೆಲುವು ಅದಕ್ಕೆ ಆಧಾರವಾಗುವಂತಿರಲಿಲ್ಲ.

ನಾಲ್ಕೂ ಬಗೆ ಪ್ರತ್ಯೇಕವಾಗಿರಬೇಕು: ಕಾರಣ ಸರಿ ಗೆಲುವು, ಕಾರಣ ಸರಿ ಸೋಲು, ಕಾರಣ ತಪ್ಪು ಗೆಲುವು, ಕಾರಣ ತಪ್ಪು ಸೋಲು. ಇವುಗಳಲ್ಲಿ ಮೂರನೆಯದೇ ಅಪಾಯಕಾರಿ, ಏಕೆಂದರೆ ಗೆದ್ದದ್ದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ. ಮೊತ್ತ ಯಾವಾಗಲೂ ಒಂದೇ, ಮೀಸಲಿಟ್ಟ ಹಣದ ಶೇ 1. ಒಳ್ಳೆಯ ವಾರದ ನಂತರ ಏರಿಸುವುದಿಲ್ಲ, ಸೋತದ್ದನ್ನು ಬೆನ್ನಟ್ಟಿ ಹೋಗುವುದಿಲ್ಲ. ಮನೆಖರ್ಚಿನ ಖಾತೆ ಇದರ ಹತ್ತಿರಕ್ಕೂ ಬರುವುದಿಲ್ಲ. ಈ ನಿಯಮ ಪಾಲಿಸಲು ಆಗದವರು ಆ್ಯಪ್ ಅಳಿಸಿ, 1-800-ಗ್ಯಾಂಬ್ಲರ್ ಸಹಾಯವಾಣಿಗೆ ಕರೆ ಮಾಡುವುದು ಒಳ್ಳೆಯದು. ಅದು ಇರುವುದೇ ಅದಕ್ಕೆ.

ಕೊನೆಗೆ ಮುಂದಿನ ವಾರದ ತಿದ್ದುಪಡಿ. ಭಾನುವಾರ ರಾತ್ರಿ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಕೌಬಾಯ್ಸ್ ಜೈಂಟ್ಸ್‌ರನ್ನು 40-0ರಿಂದ ಬಗ್ಗುಬಡಿದಿದ್ದರು, ಊರೆಲ್ಲ ಅದೇ ಮಾತು. ಆಟವನ್ನು ಮತ್ತೆ ನೋಡಿದೆ. ಒಂದು ಟಚ್‌ಡೌನ್ ಜೈಂಟ್ಸ್ ಒದ್ದ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದೆಯುವ ಕಿಕ್) ತಡೆದದ್ದರಿಂದ, ಇನ್ನೊಂದು ಇಂಟರ್‌ಸೆಪ್ಷನ್‌ನಿಂದ ಬಂದಿತ್ತು. ಕೌಬಾಯ್ಸ್‌ನ ಡ್ಯಾಕ್ ಪ್ರೆಸ್ಕಾಟ್ ಪಾಸ್ ಮಾಡಿದ್ದು 143 ಗಜ ಮಾತ್ರ. ಆದರೆ ಜೈಂಟ್ಸ್ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್ ಏಳು ಸಲ ಸ್ಯಾಕ್ ಆದದ್ದು, ಅಂದರೆ ಚೆಂಡು ಎಸೆಯುವ ಮೊದಲೇ ನೆಲಕ್ಕುರುಳಿದ್ದು, ಆಕಸ್ಮಿಕವಾಗಿರಲಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಕೌಬಾಯ್ಸ್ ಡಿಫೆನ್ಸ್‌ನ ಅಂಕ ಏರಿಸಿದೆ, ಆಫೆನ್ಸ್‌ನದು ಮುಟ್ಟಲಿಲ್ಲ, ಜೈಂಟ್ಸ್‌ರನ್ನು ಸ್ವಲ್ಪವೇ ಇಳಿಸಿದೆ. ಮುಂದಿನ ಭಾನುವಾರ ಅರಿಜೋನಾದಲ್ಲಿ ಅರ್ಧ ಆಟಕ್ಕೆ 20-0 ಹಿಂದಿದ್ದ ಜೈಂಟ್ಸ್ 31-28ರಿಂದ ಗೆದ್ದರು. ಆ ಪುಟವನ್ನೂ ಮಂಗಳವಾರ ಇದೇ ರೀತಿ ಬಿಡಿಸಿ ನೋಡಿದೆ.