ಬೈಕಿನ ಇಂಜಿನ್ ಸರ್ವಿಸ್: ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಸರ್ವಿಸ್ ದಿನ ಬಂದಿದೆ. ಆದರೆ ಶಿರಸಿ ಕಡೆ ಅಡಿಕೆ ಕೊಯ್ಲಿನ ಗಡಿಬಿಡಿ, ಗಾಡಿ ಒಂದು ದಿನ ಗ್ಯಾರೇಜಿನಲ್ಲಿದ್ದರೂ ಕೆಲಸ ನಿಲ್ಲುತ್ತದೆ. ಇನ್ನೊಂದಿಷ್ಟು ದಿನ ಓಡಿಸಬಹುದೇ? ಸರ್ವಿಸ್ ಎಂದರೆ ಒಂದೇ ಕೆಲಸವಲ್ಲ, ನಾಲ್ಕೈದು ಕೆಲಸಗಳ ಗಂಟು. ಒಂದೊಂದನ್ನೂ ಬಿಡಿಸಿ ನೋಡಿ.

ಮೊದಲು ಆಯಿಲ್. ಇಂಜಿನ್ ಮೂರ್ನಾಲ್ಕು ನಿಮಿಷ ಓಡಿಸಿ ಬಂದ್ ಮಾಡಿ, ಮತ್ತೆರಡು ಮೂರು ನಿಮಿಷ ಬಿಟ್ಟು, ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ಮಟ್ಟ ತಪ್ಪಾಗಿ ಕಾಣುತ್ತದೆ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಒರೆಸಿ ಇಳಿಬಿಡಿ. ಅನೇಕ ಬೈಕುಗಳಲ್ಲಿ ಅದನ್ನು ತಿರುಗಿಸಿ ಬಿಗಿ ಮಾಡದೆ ಅಳೆಯಬೇಕು, ನಿಮ್ಮ ಗಾಡಿಯದನ್ನು ಮ್ಯಾನ್ಯುಯಲ್ ಹೇಳುತ್ತದೆ. ಮಟ್ಟ ಎರಡು ಗೆರೆಗಳ ನಡುವೆ ಇದ್ದು, ಬೇರೆ ತೊಂದರೆ ಇಲ್ಲದಿದ್ದರೆ 300ರಿಂದ 500 ಕಿ.ಮೀ. ಮುಂದೆ ಹಾಕಿದರೆ ಇಂಜಿನ್ ಹಾಳಾಗುವುದಿಲ್ಲ. ಕಪ್ಪಾಯಿತೆಂದು ಹೆದರಬೇಡಿ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಆಯಿಲಿನ ಕೆಲಸವೇ.

ಮಟ್ಟ ಕೆಳಗೆರೆಗೆ ಬಂದಿದ್ದರೆ ಮಾತ್ರ ಅದೇ ದಿನ ತುಂಬಿಸಿ. 100–125 ಸಿಸಿ ಗಾಡಿಯಲ್ಲಿ ಇರುವುದೇ ಸುಮಾರು ಒಂದು ಲೀಟರ್. ಗೇರಿಗೂ ಕ್ಲಚ್ಚಿಗೂ ಅದೇ ಆಯಿಲ್. 200 ಎಂ.ಎಲ್. ಕಡಿಮೆಯಾದರೆ ಐದರಲ್ಲೊಂದು ಪಾಲು ಹೋಯಿತು. 50 ಎಂ.ಎಲ್.ನಂತೆ ಹಾಕುತ್ತಾ ಅಳೆಯಿರಿ, ಮೇಲ್ಗೆರೆ ದಾಟಿಸಬೇಡಿ. ಡಬ್ಬಿಯ ಮೇಲೆ ಬೈಕ್ ಆಯಿಲಿನ ಗುರುತಾದ ಜಾಸೋ ಎಂಎ ಅಥವಾ ಎಂಎ2 (JASO MA, MA2) ಎಂದಿರಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ದಿನಾ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಹತ್ತುವವರಿಗೆ ಈ 500 ಕಿ.ಮೀ. ರಿಯಾಯಿತಿ ಇಲ್ಲ. ನಿಧಾನ ವೇಗ, ಕೆಳಗಿನ ಗೇರು, ಗಾಳಿ ಸಾಲದು. ಆಯಿಲ್ ಬೇಗ ಸೋಲುತ್ತದೆ.

ಕಿ.ಮೀ. ಆಗದಿದ್ದರೂ ತಿಂಗಳ ಲೆಕ್ಕ ಬಿಡಬೇಡಿ. ಕಾರವಾರದಲ್ಲಿ ಮನೆಯಿಂದ ಮಾರ್ಕೆಟ್ಟಿಗೆ ಎರಡು ಕಿ.ಮೀ. ಹೋಗಿಬರುವ ಗಾಡಿಯ ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಒಳಗೆ ಹನಿಗಟ್ಟಿದ ನೀರು ಆವಿಯಾಗದೆ ಉಳಿಯುತ್ತದೆ. ಆಯಿಲ್ ಮುಚ್ಚಳದ ಅಡಿ ಮಾತ್ರ ಬಿಳಿ ಪದರ ಕಂಡರೆ ಅರ್ಧ ಗಂಟೆ ದೂರ ಓಡಿಸಿ, ಮತ್ತೆ ನೋಡಿ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲು ಬೆರೆಸಿದ ಚಹಾದಂತಿದ್ದರೆ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿದ ಮೇಲೆ ಹೀಗಾಗುತ್ತದೆ. ಆಯಿಲಿನಿಂದ ಪೆಟ್ರೋಲ್ ವಾಸನೆ ಬಂದರೂ ಹಾಗೆಯೇ: ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲ್ ತಡೆಹಿಡಿಯುವ ಫ್ಲೋಟ್ ಸೂಜಿ ಸೋರುತ್ತಿರಬಹುದು. ಅದನ್ನು ಸರಿಮಾಡದೆ ಬರೀ ಆಯಿಲ್ ಬದಲಿಸಿ ಉಪಯೋಗವಿಲ್ಲ.

ಟ್ಯಾಪೆಟ್ ಎಂದರೆ ಇಂಜಿನ್ ವಾಲ್ವನ್ನು ಒತ್ತುವ ಭಾಗ, ಅದಕ್ಕೂ ವಾಲ್ವಿಗೂ ನಡುವೆ ಸಣ್ಣ ಸಂದು ಇರಬೇಕು. ಇದರ ವಿಷಯದಲ್ಲಿ ಜನ ಉಲ್ಟಾ ತಿಳಿದಿರುತ್ತಾರೆ. ಸಣ್ಣಗೆ ಟಿಕ್ ಟಿಕ್ ಎನ್ನುವ ಟ್ಯಾಪೆಟ್ ಕೆಲವು ವಾರ ಕಾಯುತ್ತದೆ. ಸದ್ದೇ ಇಲ್ಲದಷ್ಟು ಬಿಗಿಯಾದದ್ದು ಕಾಯುವುದಿಲ್ಲ. ಸಂದು ಮುಚ್ಚಿದರೆ ವಾಲ್ವ್ ಪೂರ್ತಿ ಕೂರದು, ಸೀಟಿಗೆ ಬಿಸಿ ದಾಟಿಸಲಾಗದೆ ಸುಟ್ಟುಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು, ಐಡ್ಲಿಂಗಿನಲ್ಲಿ ಆಫ್ ಆಗುವುದು, ಕಿಕ್ ಒತ್ತಿದರೆ ಹಗುರ ಅನಿಸುವುದು: ಇವು ಒಟ್ಟಿಗೆ ಕಂಡರೆ ತಡಮಾಡಬೇಡಿ. ರಾತ್ರಿಯಿಡೀ ನಿಂತು ತಣಿದ ಇಂಜಿನ್ನಿನಲ್ಲೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿಸಿ. ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ. ಬಿಸಿ ಇಂಜಿನ್ನಿನ ಅಳತೆಗೆ ಬೆಲೆಯಿಲ್ಲ.

ಏರ್ ಫಿಲ್ಟರಿಗೆ ಋತು ನೋಡಿ. ಫೆಬ್ರವರಿಯಿಂದ ಮೇವರೆಗೆ ತೋಟದ ಕೆಮ್ಮಣ್ಣು ರಸ್ತೆಯಲ್ಲಿ ಓಡುವ ಗಾಡಿಯದನ್ನು ಮುಂದೂಡಲೇಬಾರದು, ಒಳಹೋದ ಧೂಳು ಪಿಸ್ಟನ್ ರಿಂಗನ್ನು ಸವೆಸುತ್ತದೆ. ಫೋಮ್ ಆದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡದೆ ಒತ್ತಿ, ಒಣಗಿಸಿ, ತೆಳುವಾಗಿ ಆಯಿಲ್ ಸವರಿ. ಎಣ್ಣೆ ಹಿಡಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆಸಬೇಡಿ, ಹೊಸದನ್ನೇ ಹಾಕಿ.

ಸ್ಪಾರ್ಕ್ ಪ್ಲಗ್ಗಿನ ಕೆಲಸ ಕಾಯುತ್ತದೆ, ಇಂಜಿನ್ ಮಿಸ್ ಹೊಡೆಯದಿದ್ದರೆ ಸಾಕು.

ಹೊಸ ಗಾಡಿಯ ಮೊದಲ ಸರ್ವಿಸ್‌ಗೆ ಮೇಲಿನ ಯಾವ ರಿಯಾಯಿತಿಯೂ ಸಲ್ಲದು. ಹೊಸ ಭಾಗಗಳು ಉಜ್ಜಿ ಉದುರಿದ ಲೋಹದ ಪುಡಿ ಆ ಆಯಿಲಿನಲ್ಲೇ ಸುತ್ತುತ್ತಿರುತ್ತದೆ. ಕಂಪನಿ ಹೇಳಿದ ಕಿ.ಮೀ.ಗೆ ಅದನ್ನು ಇಳಿಸಿಬಿಡಿ.