ಚೀಟಿ ಹೋಗಿ ಗುಂಡಿ ಬಂತು

ಇಂಗ್ಲೆಂಡಿನ ಕುಟುಂಬ ವೈದ್ಯರ ಕ್ಲಿನಿಕ್ ಒಂದರಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಧೂಮಪಾನ ಬಿಡಿಸುವ ಸೇವೆಯ ಹೊಣೆ ಇಲ್ಲಿ 2013ರಿಂದ ಸ್ಥಳೀಯ ಆಡಳಿತದ್ದು. ನಮ್ಮ ವೈದ್ಯರು ಆ ಸೇವೆಯ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ರೋಗಿಯ ಕೈಗೆ ಕೊಡುತ್ತಿದ್ದರು. ಒಂದು ಸಂಜೆ ಕಾಯುವ ಕೋಣೆಯ ಕುರ್ಚಿಯ ಕೆಳಗೆ, ನಾಲ್ಕಾಗಿ ಮಡಚಿದ ಅಂಥದೊಂದು ಚೀಟಿ ಸಿಕ್ಕಿತು. ಸಿಗರೇಟು ಬಿಡಲು ಮನಸ್ಸು ಮಾಡಿದ್ದ ಒಬ್ಬರು ಬಾಗಿಲು ದಾಟುವ ಮೊದಲೇ ನಮ್ಮ ಕೈತಪ್ಪಿದ್ದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಚೀಟಿಯ ಬದಲು, ರೋಗಿಯನ್ನು ಆ ಸೇವೆಗೆ ಕಳುಹಿಸುವ ಶಿಫಾರಸಿನ ನಮೂನೆಯನ್ನು ಕಂಪ್ಯೂಟರಿನ ರೋಗಿಯ ದಾಖಲೆಯೊಳಗೇ ಕೂರಿಸಿದೆ. ಹೆಸರು, ಜನ್ಮದಿನಾಂಕ, ಔಷಧಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ವೈದ್ಯರು ಒಪ್ಪಿಗೆ ಕೇಳಿ ಗುಂಡಿ ಒತ್ತಿದರೆ ಸಾಕು, ಅರ್ಧ ನಿಮಿಷದ ಕೆಲಸ. ಔಷಧಗಳ ಪಟ್ಟಿಯನ್ನು ಮಾತ್ರ ಕೈಬಿಡಬೇಡಿ: ಕ್ಲೋಜಪಿನ್ (ಮನೋರೋಗದ ಔಷಧ), ಥಿಯೋಫಿಲಿನ್ (ಉಬ್ಬಸದ ಔಷಧ) ಸೇವಿಸುವವರು ಸಿಗರೇಟು ಬಿಟ್ಟಾಗ ರಕ್ತದಲ್ಲಿ ಆ ಔಷಧದ ಮಟ್ಟ ಏರುತ್ತದೆ, ಪ್ರಮಾಣ ತಗ್ಗಿಸಬೇಕಾಗಬಹುದು.

ಮೊದಲ ವಾರ ಎಡವಿದ್ದು ರೋಗಿಯ ಫೋನ್ ನಂಬರಿನಲ್ಲಿ. ದಾಖಲೆಯಲ್ಲಿದ್ದ ಹಳೆಯ ನಂಬರುಗಳೇ ಸೇವೆಯವರಿಗೆ ಹೋಗಿಬಿಟ್ಟವು. ಈಗ ನಂಬರನ್ನು ರೋಗಿಗೆ ಓದಿ ಹೇಳಿ ಗುರುತು ಹಾಕದಿದ್ದರೆ ಗುಂಡಿ ಕೆಲಸ ಮಾಡುವುದೇ ಇಲ್ಲ. ಸೇವೆಯವರ ಉತ್ತರವೂ ಅದೇ ದಾಖಲೆಗೆ ಮರಳಿ ಬರುತ್ತದೆ.